ಸಮಾಧಾನಿ ಎಂದವನು ನಾನೇ

ಈ ಬೆಳಿಗ್ಗೆ ಕೊಳಾಲದ ವರದಿಗಾರ ಒಂದು ನಿಧನವಾರ್ತೆ ಕಳಿಸಿದ್ದ. ‘ಮೃತರು ಬಹಳ ಸಮಾಧಾನಿಯಾಗಿದ್ದರು’ ಎಂಬ ಸಾಲು ಬಂದದ್ದೇ ನನ್ನ ಬೆರಳು ಅಳಿಸುವ ಕೀಲಿಯ ಮೇಲೆ ಹೋಯಿತು. ಹಳೆಯ ಚಟ. ವಯಸ್ಸು, ಊರು, ಅಂತ್ಯಕ್ರಿಯೆಯ ಹೊತ್ತು ಇರಲಿ, ಸ್ವಭಾವ ಬೇಡ. ಸ್ವಭಾವಕ್ಕೆ ಸಾಕ್ಷಿ ಯಾರು? ಇದನ್ನೇ ಹೇಳಿ ಹೇಳಿ ಕಚೇರಿಯವರಿಗೆ ನನ್ನ ಮೇಲೆ ಬೇಸರ ಬಂದಿದೆ. ನಿಜ ಹೇಳಬೇಕೆಂದರೆ ನನಗೂ ಬಂದಿದೆ.

ಮಧುಗಿರಿಯ ಈ ಪತ್ರಿಕೆ ಕಚೇರಿಯ ಮೇಜಿನ ಮುಂದೆ ಕೂತು ಎಷ್ಟೋ ವಿಶೇಷಣಗಳನ್ನು ಹೊಡೆದುಹಾಕಿದವನು ನಾನು. ಒಂದನ್ನು ಮಾತ್ರ ವಿಚಾರಿಸದೆ, ಬಾಯಿಮಾತಲ್ಲಿ ಕೊಟ್ಟುಬಿಟ್ಟೆ. ಅದೂ ಇದೇ ಪದ.

ಇಪ್ಪತ್ತೈದು ವರ್ಷದ ಹಿಂದಿನ ಮಾತು. ಸದಾಶಿವ ನಮ್ಮಲ್ಲಿ ಕಂಪ್ಯೂಟರಿನ ಮೇಲೆ ಪತ್ರಿಕೆಯ ಪುಟ ಕಟ್ಟುತ್ತಿದ್ದ. ಕರೆಂಟು ಹೋಗಿ, ಕಟ್ಟಿದ ಪುಟವೇ ಅಳಿಸಿಹೋಗಿ, ಸಂಪಾದಕರು ಕುರ್ಚಿ ಒದೆಯುತ್ತಿದ್ದರೆ ಅವನು ಟೀ ಲೋಟ ಕೆಳಗಿಟ್ಟು ಮೊದಲ ಸಾಲಿನಿಂದ ಮತ್ತೆ ಶುರುಮಾಡುವನು. ನನಗೆ ಅವನನ್ನು ಕಂಡರೆ ಹೊಟ್ಟೆಕಿಚ್ಚು.

ನಮ್ಮ ಕಡೆ ಗಂಡಿನ ವಿಚಾರವನ್ನು ಯಾರೂ ನೇರವಾಗಿ ಕೇಳುವುದಿಲ್ಲ, ಏನಾದರೊಂದು ನೆಪ ಹಿಡಿದು ಬರುತ್ತಾರೆ. ಕೊಳಾಲದ ರುದ್ರಪ್ಪನವರು ಕಳೆದುಹೋದ ಜಮೀನು ಪತ್ರದ ಜಾಹೀರಾತು ಹಿಡಿದು ಬಂದರು. ಜಾಹೀರಾತು ಮುಗಿಯಿತು, ಕಾಫಿಯೂ ಮುಗಿಯಿತು. ಹೋಟೆಲಿನ ಬಾಗಿಲಲ್ಲಿ ನಿಂತು, ಎದುರಿನ ಬಂಡೆ ಬೆಟ್ಟ ನೋಡುತ್ತ ಕೇಳಿದರು:

“ಆ ಸದಾಶಿವ ಹೆಂಗೆ ಸ್ವಾಮಿ? ನಮ್ಮ ಮಂಜುಳಂಗೆ ನೋಡ್ತಾ ಇವ್ನಿ.”

“ಸಮಾಧಾನಿ. ಅಂಥವನನ್ನ ನಾನು ನೋಡೇ ಇಲ್ಲ.”

“ಅಷ್ಟು ಸಾಕು ಬುಡಿ. ಪೇಪರ್ನೋರು ಸುಳ್ಳು ಬರುದ್ರೂ ಬರೀಬೌದು, ಹೆಣ್ಮಗೀನ ವಿಷ್ಯದಾಗೆ ಹೇಳಕಿಲ್ಲ” ಎಂದು ನಕ್ಕರು.

ಮದುವೆ ಸಿದ್ದರಬೆಟ್ಟದ ತಪ್ಪಲಲ್ಲಿ ನಡೆಯಿತು. ಒಂದು ಜೋಡಿ ಕೂಡಿಸಿದೆನೆಂಬ ಜಂಬದಲ್ಲಿ ನಾನು ಎರಡು ಹೋಳಿಗೆ ಹೆಚ್ಚಿಗೆ ತಿಂದೆ.

ಆಮೇಲೆ ಸದಾಶಿವ ಬೇರೆ ಕೆಲಸ ಹಿಡಿದು ಶಿರಾಕ್ಕೆ ಹೋದ. ಕೆಲವು ವರ್ಷ ಕಳೆದು ಒಂದು ಮಧ್ಯಾಹ್ನ ಅವರ ಮನೆಗೆ ಊಟಕ್ಕೆ ಹೋದೆ. ಅವನು ಉಂಡು, ಕೈತೊಳೆದು, ಪೇಪರ್ ಹಿಡಿದು ಜಗುಲಿಗೆ ಹೋದ. ಮಂಜುಳಾ ನನ್ನ ಲೋಟಕ್ಕೆ ಮಜ್ಜಿಗೆ ಹಾಕುತ್ತ ಹೇಳಿದಳು:

“ಅಣ್ಣ, ನೀವೇ ಅಲ್ವಾ ಇವ್ರನ್ನ ಸಮಾಧಾನಿ ಅಂದೋರು? ಪಾಪಂಗೆ ಜ್ವರ ನೆತ್ತಿಗೇರಿ ಕಣ್ಣು ಮ್ಯಾಲಾದಾಗ ನಾನು ಬೀದೀಲಿ ನಿಂತು ಬಡ್ಕೊಂಡೆ. ಇವ್ರು ಆಟೋ ಕರ್ದು ಕೂತ್ರು. ನಮ್ಮಪ್ಪ ಸತ್ತಾಗ್ಲೂ ಅಂಗೇ ಕೂತ್ರು. ಬೈಲಿ, ಹೊಡ್ದಾಡ್ಲಿ, ಅಳ್ಲಿ. ಒಂದ್ ಮಾತು ಬ್ಯಾಡ್ವಾ? ಗ್ವಾಡೆ ಜೊತೆ ಬಾಳ್ದಂಗೆ ಕಣಣ್ಣ.”

ಅವಳು ದೂರಿದ್ದು ಗಂಡನನ್ನಲ್ಲ, ನನ್ನನ್ನು. ಕಚೇರಿಯ ಆರು ಗಂಟೆ ನೋಡಿ ಮನೆಯ ಹದಿನೆಂಟು ಗಂಟೆಗೆ ಖಾತ್ರಿ ಕೊಟ್ಟಿದ್ದೆ. ಇಂಥ ವರದಿ ಯಾರಾದರೂ ತಂದಿದ್ದರೆ ಮುಖಕ್ಕೇ ಎಸೆಯುತ್ತಿದ್ದೆ. ಮಜ್ಜಿಗೆ ಕುಡಿದು ಎದ್ದೆ.

ಹತ್ತು ದಿನದ ಹಿಂದೆ ಅವಳ ಫೋನು ಬಂತು. ಮಗಳಿಗೆ ಪಾವಗಡದ ಒಂದು ಸಂಬಂಧ. ಹುಡುಗನದು ಪಂಪು ರಿಪೇರಿ ಅಂಗಡಿ. “ನೀವೇ ಹೋಗಿ ನೋಡ್ಕಂಬನ್ನಿ. ಈ ಸಲ ಸರ್ಯಾಗಿ.” ಮೊಣಕಾಲು ನೋವು, ಬಿಸಿಲು ಎಂದು ಏನೇನೋ ಹೇಳಬಹುದಿತ್ತು. ಹೇಳಲಿಲ್ಲ.

ನಿನ್ನೆ ಹೋದೆ. ನೆಪವಾಗಿ ಮನೆಯ ಕೆಟ್ಟ ಮೋಟಾರನ್ನು ಚೀಲದಲ್ಲಿ ಹೊತ್ತಿದ್ದೆ. ಬೆಂಚಿನ ಮೇಲೆ ಇಡೀ ದಿನ ಕೂತೆ. ಒಬ್ಬ ಗಿರಾಕಿ ತೆಲುಗಿನಲ್ಲಿ “ಎನ್ನಿ ಸಾರ್ಲು ತಿರಗಾಲಪ್ಪಾ?” ಎಂದು ಬಂದವನೇ ಎಷ್ಟು ಸಲ ತಿರುಗಿಸುತ್ತೀಯೆಂದು ರೇಗಿದ. ಹುಡುಗನೂ ರೇಗಿದ. ಸ್ಪ್ಯಾನರನ್ನು ನೆಲಕ್ಕೆ ಎಸೆದ. ಗಿರಾಕಿ ಹೋದಮೇಲೆ ಊಟ ಬಿಟ್ಟು ಅವನ ಪಂಪನ್ನೇ ಬಿಚ್ಚಿದ. ತಾಯಿ ಬಂದು “ಅನ್ನ ಆರೋಯ್ತಲ್ಲೋ” ಅಂದಾಗ ಅವಳಿಗೆ ಜಗಳವನ್ನೆಲ್ಲ ಒಪ್ಪಿಸಿದ, ತನ್ನ ಬೈಗುಳವನ್ನೂ ಬಿಡದೆ. “ತಪ್ಪು ನಂದೇ ಕಣಮ್ಮ, ಸೋಮವಾರ ಕೊಡ್ತೀನಿ ಅಂದಿದ್ದೆ” ಅಂದ.

ಈ ಬೆಳಿಗ್ಗೆ ಆ ಸಾಲು ಅಳಿಸಿ, ನಿಧನವಾರ್ತೆಯನ್ನು ಪುಟಕ್ಕೆ ಬಿಟ್ಟು ಮಂಜುಳಾಗೆ ಫೋನು ಮಾಡಿದೆ. ಕಂಡದ್ದನ್ನು ಕಂಡ ಕ್ರಮದಲ್ಲಿ ಹೇಳಿದೆ. ಸ್ಪ್ಯಾನರ್ ಎಸೆದದ್ದನ್ನೂ ಬಿಡಲಿಲ್ಲ.

“ಒಟ್ನಲ್ಲಿ ಹೆಂಗಣ್ಣ?”

“ಒಟ್ಟಿನಲ್ಲಿ ಅಂತ ನಾನು ಹೇಳಲ್ಲಮ್ಮ. ನೋಡಿದ್ದು ಒಂದು ದಿನ. ಮಗಳನ್ನ ಕರಕೊಂಡು ಹೋಗಿ, ಅವಳೇ ಮಾತಾಡಿಸಲಿ.”

ಆ ಕಡೆ ಫೋನು ಕೈ ಬದಲಾಯಿತು. ಆಮೇಲೆ ಸದಾಶಿವನ ದನಿ. ಇಷ್ಟು ವರ್ಷದಲ್ಲಿ ಅವನಾಗಿ ನನ್ನನ್ನು ಏನನ್ನೂ ಕೇಳಿದವನಲ್ಲ.

“ಹುಡ್ಗ ಮನೇಲಿ ಮಾತಾಡ್ತಾನಾ ಸಾರ್?”

ದನಿ ನಡುಗುತ್ತಿತ್ತು. ಗೋಡೆ ಎಂದುಕೊಂಡು ನಾನು ಅವನ ಬಗ್ಗೆ ಎರಡನೇ ಸಲವೂ ತಪ್ಪಿದ್ದೆ.

“ತಾಯಿ ಜೊತೆ ಮಾತಾಡಿದ್ದು ಕಂಡೆ ಸದಾಶಿವ” ಅಂದೆ. “ತುಂಬ ಮಾತಾಡಿದ.”