ಒದರಬಾರದ ಕೆಲಸ

ಡೋಣಿಯ ಸಕ್ರಪ್ಪನ ಗಂಟಲು ಊರಿಗೇ ಗೊತ್ತು. ಗುಡ್ಡದ ಮೇಲೆ ನಿಂತು ಒಮ್ಮೆ ಒದರಿದರೆ ಕೆಳಗೆ ಹಳ್ಳದಲ್ಲಿ ಬಟ್ಟೆ ಒಗೆಯುವ ಹೆಂಗಸರು ತಲೆ ಎತ್ತುತ್ತಿದ್ದರು. ಮೂವತ್ತು ವರ್ಷ ಕಪ್ಪತಗುಡ್ಡದಲ್ಲಿ ಕುರಿ ಕಾಯ್ದವನಿಗೆ ದೇವರು ಕೊಟ್ಟ ಆಸ್ತಿ ಅದೊಂದೇ ಎಂದು ಹೆಂಡತಿ ತಿಪ್ಪವ್ವ ಈಗಲೂ ಚುಚ್ಚುತ್ತಾಳೆ. ತೋಳ ಕಂಡರೆ ಒದರಬೇಕು, ಯಾರ ಕುರಿ ಎಂದು ನೋಡುವಂತಿಲ್ಲ. ಕುರಿಗಾರರಲ್ಲಿ ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ, ನಡೆಯುವುದು ಬಂದಂತೆ ಬಂದುಬಿಡುತ್ತದೆ.

ಐವತ್ತೆಂಟಕ್ಕೆ ಮೊಣಕಾಲು ಕೈಕೊಟ್ಟಿತು. ಹಿಂಡನ್ನು ತಮ್ಮ ಮಾಳಿಂಗರಾಯ ನೋಡಿಕೊಂಡ. ಸಕ್ರಪ್ಪ ಎರಡು ತಿಂಗಳು ಕಟ್ಟೆಯ ಮೇಲೆ ಕೂತು ದೂರದಿಂದ ಗುಡ್ಡ ನೋಡಿದ. ಬದುಕಿನಲ್ಲಿ ಅಷ್ಟು ಕೆಟ್ಟ ದಿನ ಕಂಡಿಲ್ಲವೆಂದು ಅವನೇ ಹೇಳುತ್ತಾನೆ. ಆಮೇಲೆ ಗುಡ್ಡದ ಬುಡದಲ್ಲಿ ಅಂಬರೀಶ ಎಂಬವನು ಪ್ರವಾಸಿಗರಿಗೊಂದು ವಸತಿ ಕಟ್ಟಿ, ದಾರಿ ತೋರಿಸಲು ಇವನನ್ನು ಕರೆದ. ಅಲ್ಲಿಗೆ ಬರುವವರು ವಿಚಿತ್ರ ಜನ. ಜೀಪು ಬೇಡ, ಅವಸರ ಬೇಡ. ಹುಲ್ಲಿನೊಳಗಿನ ಒಂದು ಹಕ್ಕಿಯನ್ನು ಅರ್ಧ ತಾಸು ನೋಡುತ್ತಾರೆ, ಒಂದು ಮೈಲಿ ನಡೆಯಲು ಇಡೀ ಮುಂಜಾನೆ ಕಳೆಯುತ್ತಾರೆ. ಸಕ್ರಪ್ಪನ ಮೊಣಕಾಲಿಗೆ ಹೇಳಿ ಮಾಡಿಸಿದ ನಡಿಗೆ ಅದು. ಅವನಿಗೆ ಗುಡ್ಡ ಮತ್ತೆ ಸಿಕ್ಕಿತು.

ತೊಡಕು ಒಂದೇ. ಪುಣೆಯಿಂದ ಬಂದವರು ಮೂರು ದಿನ ಕಾದು ತೋಳ ಕಂಡರು; ಕಂಡೆವು ಎನ್ನುವಷ್ಟರಲ್ಲಿ ಸಕ್ರಪ್ಪ ಒದರಿದ. ತೋಳದ ಬಾಲವೂ ಕ್ಯಾಮೆರಾಕ್ಕೆ ಸಿಗಲಿಲ್ಲ. ಇನ್ನೊಂದು ಸಲವೂ ಅದೇ ಕಥೆ. ಆಗಂತೂ ಪುಣ್ಯಾತ್ಮ ಕಲ್ಲನ್ನೂ ಬೀಸಿದ್ದ.

"ಸಕ್ರಪ್ಪಣ್ಣ, ಅವರು ತ್ವಾಳ ನೋಡಾಕ ಬರ್ತಾರ, ನೀವು ಓಡಸ್ತೀರಿ," ಎಂದ ಅಂಬರೀಶ. "ಇನ್ನೊಮ್ಮೆ ಒದರಿದ್ರ ನಾಳಿಂದ ಬರಬ್ಯಾಡ್ರಿ."

"ನಾ ಒದರಂಗಿಲ್ರಿ. ಬಾಯಿ ತಾನ ಒದರತೈತಿ."

"ಹಂಗಾರ ಬಾಯಾಗ ಏನರ ತುರುಕ್ರಿ."

ಅಂಬರೀಶ ತಮಾಷೆಗೆ ಅಂದದ್ದು. ಸಕ್ರಪ್ಪ ನಗಲಿಲ್ಲ. ಮತ್ತೆ ಕಟ್ಟೆ ಹಿಡಿದು ಕೂರಬೇಕಾದೀತೆಂದು ಅವನಿಗೆ ಖರೆ ಹೆದರಿಕೆಯಾಗಿತ್ತು.

ಶ್ರಾವಣದ ಒಂದು ಮುಂಜಾನೆ ಹುಬ್ಬಳ್ಳಿಯ ಶೈಲಾ ಟೀಚರು ಮತ್ತು ಅವರ ಇಬ್ಬರು ಗೆಳತಿಯರನ್ನು ಕರೆದುಕೊಂಡು ಮೇಲೆ ಹೋದ. ಮಂಜು ಗುಡ್ಡದ ನೆತ್ತಿಯ ಗಾಳಿ ವಿದ್ಯುತ್ ಯಂತ್ರಗಳ ರೆಕ್ಕೆಗಳನ್ನೆಲ್ಲ ನುಂಗಿತ್ತು. ನಾಲ್ವರೂ ಬಂಡೆಯ ಮೇಲೆ ಬಹಳ ಹೊತ್ತು ಕೂತರು. ಮಂಜು ಸರಿದಾಗ ನೂರು ಹೆಜ್ಜೆ ಕೆಳಗೆ, ಒದ್ದೆ ಹುಲ್ಲಿನ ನಡುವೆ ತೋಳ ನಿಂತಿತ್ತು. ಸಕ್ರಪ್ಪ ತಲೆಗೆ ಸುತ್ತಿದ ರುಮಾಲಿನ ಚುಂಗನ್ನು ಬಾಯಿಗೆ ತುರುಕಿಕೊಂಡ. ಶೈಲಾ ಅವನ ಕೈ ಹಿಡಿದರು. ಅವರ ಕಣ್ಣಲ್ಲಿ ನೀರಿತ್ತು.

ಮಂಜು ಇನ್ನಷ್ಟು ಸರಿಯಿತು. ಇನ್ನೂ ಕೆಳಗೆ ಕುರಿಗಳಿದ್ದವು. ಅವುಗಳ ಪಕ್ಕ ಕಂಬಳಿ ಹೊದ್ದು, ಗುಡ್ಡಕ್ಕೆ ಬೆನ್ನು ಮಾಡಿ ಮಾಳಿಂಗರಾಯ ಕೂತಿದ್ದ. ತೋಳ ಹೊಟ್ಟೆಯನ್ನು ನೆಲಕ್ಕೆ ಹಚ್ಚಿ ಇಳಿಯತೊಡಗಿತು. ಅದೇನೂ ಗಡಿಬಿಡಿ ಮಾಡಲಿಲ್ಲ, ಒದರುವವನಿಗೆ ಬೇಕಾದಷ್ಟು ಹೊತ್ತಿತ್ತು. ಸಕ್ರಪ್ಪನ ಕುತ್ತಿಗೆಯ ನರ ಉಬ್ಬಿದವು, ಬಟ್ಟೆ ಮಾತ್ರ ಹಲ್ಲಿನಲ್ಲೇ ಉಳಿಯಿತು. ತೋಳ ಒಂದು ಮರಿಯನ್ನು ಕಚ್ಚಿಕೊಂಡು ಹುಲ್ಲಿನಲ್ಲಿ ಮರೆಯಾದ ಮೇಲೆ ಮಾಳಿಂಗರಾಯ ಎದ್ದು ಕೂಗಾಡಿದ.

ವಸತಿಗೆ ಬಂದಾಗ ಅಂಬರೀಶ ಬೆನ್ನು ತಟ್ಟಿದ. "ಈಗ ಕಲ್ತ್ರಿ ನೋಡ್ರಿ." ಕೆಲಸ ಉಳಿಯಿತು.

ಸಂಜೆ ಸಕ್ರಪ್ಪ ಕುರಿಹಟ್ಟಿಗೆ ಹೋದ. ಮರಿ ಕಳಕೊಂಡ ತಾಯಿಕುರಿ ಮೇವಿಗೆ ಬಾಯಿ ಹಾಕದೆ ಅರಚುತ್ತಿತ್ತು. ಮಾಳಿಂಗರಾಯ ಅದರ ಬೆನ್ನು ಸವರುತ್ತಿದ್ದ.

"ಮುಂಜಾನಿ ನೀ ಮ್ಯಾಲೆ ಹೋಗೂದು ನೋಡಿದ್ನಿ," ಎಂದ. "ಅಣ್ಣ ಅದಾನಲ್ಲ, ಏನರ ಬಂದ್ರ ಒದರತಾನ ಅಂತ ಬೆನ್ನ ಮಾಡಿ ಕುಂತ್ನಿ. ಆ ಮಂಜಿನ್ಯಾಗ ನಿನಗೂ ಕಂಡಿರಾಕಿಲ್ಲ ಬಿಡು."

"ಕಂಡಿತ್ತು," ಎಂದ ಸಕ್ರಪ್ಪ.

ಅದನ್ನು ಎಷ್ಟು ಸಣ್ಣ ದನಿಯಲ್ಲಿ ಹೇಳಿದನೆಂದರೆ, ಪಕ್ಕದಲ್ಲೇ ಇದ್ದ ತಮ್ಮ ಏನಂದಿ ಎಂದು ಎರಡು ಸಲ ಕೇಳಬೇಕಾಯಿತು.