ಅಜ್ಜಿಯ ಮದುವೆ ಹಾಡಿನ ನೋಟ್‌ಬುಕ್

ಸಿಂಧಿಗಳು ಎಲ್ಲಿ ಹೋದರೂ ಸಿಂಧಿಗಳಾಗೇ ಉಳೀತಾರೆ ಅಂತಾರಲ್ಲ, ಅದನ್ನ ನಾನು ಒಪ್ಪಲ್ಲ. ಅಮೆರಿಕದ ಎಜುಕೇಶನ್ ಹಿಲ್ ಬಡಾವಣೆಯಲ್ಲಿರೋ ಸಿಂಧಿ ಗೆಳತಿ ಕವಿತಾಳ ಮದುವೆಗೆ ಬಂದಿದೀನಿ. ಬೆಂಗಳೂರಿನಿಂದ ಬಂದ ಅವಳ ಅಜ್ಜಿ, ಮದುವೆಗೆ ಹಾಡುವ 'ಲಾಡಾ'ಗಳನ್ನು ಹಿಂದೆ ತಾವೇ ಬರೆದಿಟ್ಟ ನೋಟ್‌ಬುಕ್ ತಂದಿದ್ದಾರೆ. ಈಗ ಹಾಡೂ ಅರ್ಧ ಮರೆತಿದೆ, ಕಣ್ಣೂ ಮಂಜಾಗಿದೆ. ಉರ್ದುವಿನಂತೆ ಬಲದಿಂದ ಎಡಕ್ಕೆ ಹೋಗುವ ಆ ಸಿಂಧಿ ಲಿಪಿ ಮನೆಯಲ್ಲಿ ಬೇರೆ ಯಾರಿಗೂ ಬರಲ್ಲ. ಕೊನೆಗೆ ಪಕ್ಕದ ಮನೆಯ, ಮೈಸೂರು ಮೂಲದ ನಸೀಮಾ ಆಂಟಿ ತಮ್ಮ ಉರ್ದು ನಂಬಿಕೊಂಡು ತಡವರಿಸುತ್ತಾ ಓದಿದರು.

"ಅರ್ಥ ಮಾತ್ರ ಕೇಳ್ಬೇಡಿ ಅಜ್ಜಿ!"

"ನೀನು ಓದಮ್ಮ, ಅರ್ಥ ನನ್ನ ಹತ್ರ ಇದೆ," ಎಂದು ಅಜ್ಜಿ ಒಂದೊಂದೇ ಸಾಲನ್ನು ತಿದ್ದಿ ಹಾಡಿದರು.

ಕವಿತಾ ಅದನ್ನೆಲ್ಲ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು, "ಸೇಫ್ ಆಯ್ತು ಬಿಡೇ," ಎಂದಳು.

ನನಗೆ ಸಮಾಧಾನ ಆಗಲಿಲ್ಲ, ಕೇಳಿಯೇಬಿಟ್ಟೆ: "ಅದರಲ್ಲಿ ಒಂದು ಸಾಲಾದರೂ ನಿನಗೆ ಅರ್ಥ ಆಯ್ತಾ, ಕವಿತಾ?"