ಎರಡನೇ ಭಾಗ ಚೆನ್ನಾಗಿರಲಿಲ್ಲ

ಇವತ್ತು ಹೊಳಲ್ಕೆರೆಯ ರಿಪೇರಿ ಅಂಗಡಿಯಲ್ಲಿ ಹಳೆಯ ಕಂಪ್ಯೂಟರಿನ ಬಿಸಿ ಧೂಳಿನ ವಾಸನೆ ಮೂಗಿಗೆ ಬಡಿದು, ಚಿತ್ರದುರ್ಗದ ಅತ್ತೆಯ ಮನೆ ನೆನಪಾಯಿತು.

ಅತ್ತೆ ಕಂಪ್ಯೂಟರಿಗೆ ದಿನಾ ಕುಂಕುಮವಿಟ್ಟು, ಕಸೂತಿ ಬಟ್ಟೆ ಹೊದಿಸುತ್ತಿದ್ದರು. ಅವರ ಮಗಳು ರೇಖಾ ಮತ್ತು ನಾನು ಪ್ರತಿ ರಜೆಯಲ್ಲೂ ಒಂದೇ ಕುರ್ಚಿಯಲ್ಲಿ ಒತ್ತಿಕೊಂಡು ಕೂತು ಒಂದೇ ಗೇಮ್ ಆಡುತ್ತಿದ್ದೆವು. ಆ ಗೇಮಿನ ಊರಿನಲ್ಲಿ ಬೈಕ್ ಹತ್ತಿ ಬೇಕಾದಲ್ಲಿಗೆ ಹೋಗಬಹುದಿತ್ತು. ಅವಳು ಬೈಕ್ ಓಡಿಸುತ್ತಿದ್ದಳು, ನಾನು ದಾರಿ ಹೇಳುತ್ತಿದ್ದೆ.

ಅದರ ಎರಡನೇ ಭಾಗ ಬಂದಿದೆ ಎಂದು ಕೇಳಿ ರಜೆಗಾಗಿ ಕಾದೆ. ಹೋಗಿ ನೋಡಿದರೆ ನನ್ನ ಜಾಗದಲ್ಲಿ ಪಕ್ಕದ ಮನೆಯ ಶಬಾನಾ ಕೂತಿದ್ದಳು. ಆಗಲೇ ಅರ್ಧ ಆಟ ಮುಗಿಸಿದ್ದರು.

"ಏನೂ ಚೆನ್ನಾಗಿಲ್ಲ ಕಣೇ," ಅಂದಳು ರೇಖಾ. "ಊರು ದೊಡ್ಡದೈತೆ, ಮಾಡಾಕೆ ಏನೂ ಇಲ್ಲ. ಬೈಕು ಗೋಡೆಯೊಳಗೆ ಸಿಕ್ಕಂಬಿಡ್ತೈತೆ."

ನನಗೆ ಒಳಗೊಳಗೇ ಹಾಲು ಕುಡಿದಷ್ಟು ಖುಷಿಯಾಯಿತು. ಅಷ್ಟರಲ್ಲಿ ಶಬಾನಾ, "ಆ ಗೋಡೆ ನೋಡಿ ಎಷ್ಟು ನಕ್ಕಿದ್ವಲ್ಲೇ," ಅಂದಳು. ಇಬ್ಬರೂ ಮತ್ತೆ ನಗತೊಡಗಿದರು. ಅತ್ತೆ ಕೊಟ್ಟ ಚಕ್ಕುಲಿಯನ್ನು ನಾನು ತಟ್ಟೆಗೇ ವಾಪಸ್ ಇಟ್ಟೆ. ಆ ಕೆಟ್ಟ ಆಟವೂ ನನಗೆ ಬೇಕಿತ್ತು.

ಈಗ ಮೂರನೇ ಭಾಗ ಬರುತ್ತಿದೆಯಂತೆ. "ಬಾರೆ, ಆಡಾಣ," ಎಂದು ರೇಖಾ ಮಧ್ಯಾಹ್ನ ಫೋನ್ ಮಾಡಿದ್ದಳು. ಬರುತ್ತೇನೆ ಅನ್ನುವ ಮೊದಲೇ ನಾನು, "ಇನ್ಯಾರ್ಯಾರು ಬರ್ತಾರೆ?" ಎಂದು ಕೇಳಿದೆ.